ಅಂಬುಬಾಯಿಯವರ ಶ್ರುತಿಪೆಟ್ಟಿಗೆಗೆ ಫಾರಿನ್ ಕರೆಂಟು

ಗೋಪಿನಾಥರಾಯರು ಕರೆಂಟನ್ನು ಮುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಅವರಾಗಿ ಮುಟ್ಟಿದ್ದಲ್ಲ. ಗೀಸರಿನ ಒಳಗಿದ್ದ ಕರೆಂಟೇ ಮುಂದಾಗಿ ಬಂದು ಅವರನ್ನು ಮುಟ್ಟಿತ್ತು. ಆದರೂ ಹೈದರಾಬಾದಿನ ಮಣಿಕೊಂಡದ ಅವರ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಟ್ಯೂಬ್‌ಲೈಟು ಮಿಟುಕಿದರೂ ಜನ ಮೊದಲು ಬಂದು ಬಡಿಯುವುದು ರಾಯರ ಬಾಗಿಲನ್ನೇ. ಯಾಕೆಂದರೆ ರಾಯರು ಕೆಲಸ ಮಾಡುವುದು ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ, ಅಲ್ಲಿ ಅವರು ನೋಡುವುದು ವಿದ್ಯುತ್ ನೌಕರರ ಪಿಂಚಣಿ ಫೈಲುಗಳನ್ನು. ಕಂಬ ಹತ್ತಿದವರೆಲ್ಲ ಕೊನೆಗೆ ಇಳಿದು ಬಂದು ತಮ್ಮ ಮೇಜಿನ ಮುಂದೆಯೇ ನಿಲ್ಲುವುದರಿಂದ, ಕಂಬದ ಮೇಲಿನ ವಿದ್ಯೆಯೂ ಅವರ ಜೊತೆಗೇ ಇಳಿದು ಬಂದು ತಮ್ಮ ಫೈಲಿನಲ್ಲಿ ಸೇರಿಕೊಂಡಿದೆ ಎಂದು ರಾಯರು ನಂಬಿದ್ದರು. ಬಾಗಿಲು ಬಡಿದವರನ್ನು ಅವರು ಎಂದೂ ನಿರಾಶೆಗೊಳಿಸುತ್ತಿರಲಿಲ್ಲ. ಹೋಗಿ, ಕೈ ಹಿಂದೆ ಕಟ್ಟಿಕೊಂಡು ಟ್ಯೂಬ್‌ಲೈಟನ್ನು ಕೆಳಗಿನಿಂದ ನೋಡಿ, "ಫೇಸು ಹೋಗ್ಯದ" ಎಂದು ಹೇಳಿ ಬರುತ್ತಿದ್ದರು. ಆಮೇಲೆ ಎಲೆಕ್ಟ್ರಿಷಿಯನ್ ಬಂದು ಟ್ಯೂಬು ಬದಲಾಯಿಸುತ್ತಿದ್ದ. ಇವೆರಡೂ ಬೇರೆ ಬೇರೆ ಕೆಲಸಗಳು ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಅದೇ ಮನೆಯಲ್ಲಿ ರಾಯರ ಅತ್ತೆ ಅಂಬುಬಾಯಿಯವರೂ ಇದ್ದರು. ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಬೇರು ಬಿಟ್ಟ ಮನೆಗಳಲ್ಲಿ ಅಂಬುಬಾಯಿಯವರ ಭಜನಾ ಮಂಡಳಿ ಬಂದು ದಾಸರ ಪದ ಹಾಡದೆ ಒಂದು ಪೂಜೆಯೂ ಮುಗಿಯುತ್ತಿರಲಿಲ್ಲ. ಅವರದು ಎರಡು ವ್ರತ. ಒಂದು, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅದು ಹಳೆಯ ಕಾಲದ ಮರ್ಯಾದೆ. ಅಳಿಯ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದರೂ, "ಸತ್ಯಾ, ನಿಮ್ಮನಿಯವ್ರಿಗೆ ಇನ್ನೊಂದೀಟು ಬೇಕೇನು ಕೇಳು" ಎಂದು ಮಗಳು ಸತ್ಯಭಾಮೆಯ ಮೂಲಕವೇ ಕೇಳುವುದು. ಸತ್ಯಭಾಮೆ ಕೇಳುವುದರೊಳಗೆ ರಾಯರು ತಟ್ಟೆ ಮುಂದೆ ಮಾಡಿರುತ್ತಿದ್ದರು. ಆದರೂ ಆಕೆ ಕೇಳಲೇಬೇಕು, ಇಲ್ಲದಿದ್ದರೆ ಉಪ್ಪಿಟ್ಟು ಬೀಳುವುದಿಲ್ಲ.

ಎರಡನೆಯ ವ್ರತ, ತಮ್ಮ ಶ್ರುತಿಪೆಟ್ಟಿಗೆ ನುಡಿಯದೆ ತಾವು ಹಾಡಲು ಬಾಯಿ ತೆರೆಯುವುದಿಲ್ಲ.

ಈಗ ತಂಬೂರಿ ಫೋನಿನ ಒಳಗೇ ಬಂದು ಕೂತಿದೆ. ಅಂಬುಬಾಯಿಯವರದು ಅಂಥ ತಂಬೂರಿ ಅಲ್ಲ. ಸಣ್ಣ ಟ್ರಂಕಿನಷ್ಟು ದೊಡ್ಡ, ಮರದ ಮೈಯ, ನೇರ ಗೋಡೆಗೆ ಚುಚ್ಚಿದರೆ ಮಾತ್ರ ನುಡಿಯುವ ಹಳೆಯ ವಿದ್ಯುತ್ ಪೆಟ್ಟಿಗೆ. ಸೆಲ್ಲು ಹಾಕಲು ಜಾಗವೇ ಇಲ್ಲ. ಅವರ ಸುರ ಕಪ್ಪು ನಾಲ್ಕು, ಎಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಪೆಟ್ಟಿಗೆಯ ಗುಂಡಿಯನ್ನು ಅಲ್ಲಿಯವರೆಗೆ ತಿರುಗಿಸಬೇಕೆಂದು ಒಂದು ಕುಂಕುಮದ ಬೊಟ್ಟು ಇಟ್ಟಿದ್ದರು. ಒಂದು ವರ್ಷ ಅದು ರಿಪೇರಿಗೆ ಹೋದಾಗ ಅಂಬುಬಾಯಿ ಇಡೀ ಶ್ರಾವಣ ಹಾಡಲಿಲ್ಲ. ಮಂಗಳಾರತಿಗೂ ಬರೀ ತುಟಿ ಅಲ್ಲಾಡಿಸಿದರು. ಏನೋ ದೊಡ್ಡ ಕಾಯಿಲೆಯೇ ಇರಬೇಕೆಂದು ನೆಂಟರು ಹಣ್ಣು ತಂದು ನೋಡಿಹೋದರು.

ಇಂಥ ಅಂಬುಬಾಯಿಯವರಿಗೆ ಮಸ್ಕತ್ತಿನಿಂದ ಕರೆ ಬಂತು. ಅಲ್ಲಿಯ ಕನ್ನಡಿಗರು ಎರಡು ದಿನದ ದಾಸರ ಹಬ್ಬ ಇಟ್ಟುಕೊಂಡಿದ್ದರು. ಕರೆದವಳು ಹರ್ಷದಾ, ಮದುವೆಗೆ ಮುಂಚೆ ಇದೇ ಮಂಡಳಿಯಲ್ಲಿ ತಾಳ ಹಾಕುತ್ತಿದ್ದ ಹುಡುಗಿ. ಮಂಡಳಿಗೆಲ್ಲ ಅಂಬುಬಾಯಿ ಮೌಶಿ, ಎಂದರೆ ಚಿಕ್ಕಮ್ಮ.

"ಅಂಬುಮೌಶಿ, ನೀವು ಬಂದ್ರೇ ಹಬ್ಬ ನೋಡ್ರಿ. ಟಿಕೀಟು, ವೀಸಾ ಎಲ್ಲಾ ನಮ್ಮದು."

"ನಂದೇನದ ತಂಗಿ, ಪೆಟ್ಟಿಗಿ ಅಲ್ಲಿ ಹಾಡಿದ್ರ ನಾನೂ ಹಾಡ್ತೀನಿ" ಎಂದರು ಅಂಬುಬಾಯಿ. "ಅದಕ್ಕೇನರೆ ಆತಂದ್ರ ಮಾತ್ರ ನಾ ಅಲ್ಲಿ ಸುಮ್ಮನ ಕೂತು, ಊಟಾ ಮಾಡಿ, ಎದ್ದು ಬರ್ತೀನಿ. ಈಗೇ ಹೇಳೀನಿ."

ಹರ್ಷದಾ ನಕ್ಕಳು. ಮಂಡಳಿಯವರು ಯಾರೂ ನಗಲಿಲ್ಲ. ಅವರು ಆ ಶ್ರಾವಣವನ್ನು ಕಂಡವರು.

ಆ ದಿನ ಊಟದ ತಾಟಿನ ಮುಂದೆ ರಾಯರು ಘೋಷಿಸಿದರು. "ಪೆಟ್ಟಿಗಿ ಜವಾಬ್ದಾರಿ ನಂದು."

"ಪೆಟ್ಟಿಗಿಗೆ ಏನಾಗ್ಯದ?" ಸತ್ಯಭಾಮೆ ಕೇಳಿದಳು.

"ಇನ್ನೂ ಆಗಿಲ್ಲ. ಆಗ್ತದ. ಫಾರಿನ್ ಕರೆಂಟಂದ್ರ ನೂರಾಹತ್ತು ವೋಲ್ಟು. ನಮ್ಮದು ಇನ್ನೂರಾಮೂವತ್ತು. ಹಂಗs ಚುಚ್ಚಿದ್ರ ನಿಮ್ಮ ಅವ್ವನ ಪೆಟ್ಟಿಗಿ ಅಲ್ಲೇ ವೈಕುಂಠಕ್ಕ ಹೋಗ್ತದ."

"ಮಸ್ಕತ್ತದಾಗೂ ನೂರಾಹತ್ತೇ ಏನು?"

"ಮಸ್ಕತ್ ಯಾ ಕಡೆ ಅದ?"

"ನನಗೇನು ಗೊತ್ರಿ?"

"ಫಾರಿನ್ ಕಡೆ ಅದ" ಎಂದು ರಾಯರು ಅನ್ನಕ್ಕೆ ಸಾರು ಕಲಸಿದರು. ಚರ್ಚೆ ಮುಗಿಯಿತು.

ರಾಯರ ಈ ಜ್ಞಾನ ಗಾಳಿಯಿಂದ ಬಂದದ್ದಲ್ಲ. ಮಣಿಕೊಂಡದಲ್ಲಿ ಅಟ್ಟದ ಮೇಲೆ ಒಂದು ಅಮೆರಿಕದ ಯಂತ್ರ ಇಲ್ಲದ ಮನೆ ಇಲ್ಲ. ಯಾರೋ ನೆಂಟರು ಅಲ್ಲಿಂದ ಬರುವಾಗ ಪ್ರೀತಿಯಿಂದ ತಂದದ್ದು. ಒಂದು ಸಲ ಚುಚ್ಚುತ್ತಾರೆ, ಒಂದು ಮಿಂಚು, ಒಂದು ವಾಸನೆ, ಆಮೇಲೆ ಅದು ಅಟ್ಟಕ್ಕೆ. ಜಾಣರು ಚುಚ್ಚದೆಯೇ ಅಟ್ಟಕ್ಕೆ ಏರಿಸುತ್ತಾರೆ. ಎಸೆಯುವುದಂತೂ ಇಲ್ಲ, ಫಾರಿನ್ ಮಾಲು. ರಾಯರ ಮನೆಯಲ್ಲಿ ಹೀಗೆ ಒಂದು ಕಾಫಿ ಯಂತ್ರ ಸತ್ತು, ಅಡುಗೆಮನೆ ಗೋಡೆಯ ಮೇಲೆ ಕಪ್ಪು ಗುರುತು ಬಿಟ್ಟುಹೋಗಿತ್ತು. ಬಂದವರಿಗೆ ರಾಯರು ಅದನ್ನು ಯುದ್ಧದ ಗಾಯದಂತೆ ತೋರಿಸುತ್ತಿದ್ದರು. ಅಲ್ಲಿಯದು ಇಲ್ಲಿ ಸತ್ತರೆ ಇಲ್ಲಿಯದು ಅಲ್ಲಿ ಸಾಯಲೇಬೇಕು, ಇದು ಅವರ ಲೆಕ್ಕ. ಖಾತ್ರಿಗೆ ಇರಲಿ ಎಂದು ಫೋನಿನಲ್ಲಿ 'ಫಾರಿನ್ ಕರೆಂಟ್ ಎಷ್ಟು ವೋಲ್ಟ್' ಎಂದೂ ಹುಡುಕಿದರು. ಫೋನು ಅಮೆರಿಕದ್ದನ್ನು ತೋರಿಸಿತು. ಫೋನಿಗೂ ಫಾರಿನ್ ಎಂದರೆ ಅದೇ.

"ಹರ್ಷದಾಗ ಒಂದು ಮಾತು ಕೇಳಿಬಿಡ್ರಿ" ಎಂದಳು ಸತ್ಯಭಾಮೆ.

"ಏನಂತ ಕೇಳ್ಲಿ? ಪ್ರೀತಿಯಿಂದ ಕರದಾರ. ನಿಮ್ಮನ್ಯಾಗ ಕರೆಂಟ್ ಎಷ್ಟದ ಅಂತ ಕೇಳೂದು, ನಿಮ್ಮ ಡಬ್ಬ್ಯಾಗ ಅಕ್ಕಿ ಎಷ್ಟವ ಅಂತ ಕೇಳಿದಂಗ. ಪಾಪ, ಅವರಿಗೆ ಇರೂದs ಅರ್ಧಾ."

ಆದರೂ ಮರ್ಯಾದೆಗೆ ಧಕ್ಕೆ ಬಾರದ ಹಾಗೆ ಸುತ್ತು ಬಳಸಿ ಒಂದು ಸಲ ಕೇಳಿದರು. "ಹರ್ಷದಾ, ನಿಮ್ಮ ಕಡೆ ಕರೆಂಟೆಲ್ಲಾ ಹೆಂಗದವಾ?"

"ಭಾಳ ಛಲೋ ಅದರಿ ಕಾಕಾ. ಹೋಗೂದೇ ಇಲ್ಲ."

ರಾಯರು ಫೋನಿಟ್ಟು ಹೆಂಡತಿಯ ಕಡೆ ನೋಡಿದರು. "ನೋಡಿದ್ಯಾ? ಎಷ್ಟದ ಅಂತ ಹೇಳ್ಲಿಲ್ಲ. ನಾಚಿಕಿ."

ಮುಂದಿನ ರಜೆಯ ದಿನ ರಾಯರು ವೋಲ್ಟು ಏರಿಸುವ ಟ್ರಾನ್ಸ್‌ಫಾರ್ಮರು ಹುಡುಕಿಕೊಂಡು ಕೋಠಿಯ ಗುಜರಾತಿ ಗಲ್ಲಿಗೆ ಹೋದರು. ಅಂಗಡಿಯವನು ಟ್ರಾನ್ಸ್‌ಫಾರ್ಮರಿನ ಧೂಳು ಒರೆಸುತ್ತ, "ಕಿಧರ್ ಕೂ ಲೇಕೇ ಜಾರೈಂ ಸಾಬ್?" ಎಂದು, ಎಲ್ಲಿಗೆ ಒಯ್ಯುತ್ತೀರೆಂದು ವಿಚಾರಿಸಿದ.

"ಫಾರಿನ್."

"ಫಾರಿನ್ ತೋ ಬಹುತ್ ಬಡಾ ಹೈ ಸಾಬ್. ಕೌನ್ಸಾ ಫಾರಿನ್?"

"ಏಕ್ಸೌದಸ್ ವಾಲಾ" ಎಂದರು ರಾಯರು, ನೂರಾಹತ್ತಿನ ಫಾರಿನ್. ಫಾರಿನ್ನಿನಲ್ಲಿ ಬಗೆಬಗೆ ಇರುತ್ತದೆಯೇ ಎನ್ನುವ ತಾತ್ಸಾರ ಆ ಧ್ವನಿಯಲ್ಲಿತ್ತು. ಅಂಗಡಿಯವನು ಮತ್ತೆ ಕೇಳಲಿಲ್ಲ. ಗಿರಾಕಿಗೇ ಗೊತ್ತಿದ್ದ ಮೇಲೆ ಅವನದೇನು?

ರಾಯರು ತಂದದ್ದು ಎರಡು ಡಬ್ಬಿ. ನೂರಾಹತ್ತನ್ನು ಎರಡು ಪಟ್ಟು ಏರಿಸುವ ಡಬ್ಬಿ ಪ್ರವಾಸಕ್ಕೆ. ಇನ್ನೂರಾಮೂವತ್ತನ್ನು ನೂರಾಹತ್ತಕ್ಕೆ ಇಳಿಸುವ ಡಬ್ಬಿ ಮನೆಗೆ. ಯಾಕೆಂದರೆ ರಾಯರು ಪರೀಕ್ಷೆ ಮಾಡದೆ ಯಾವುದಕ್ಕೂ ಸಹಿ ಹಾಕುವವರಲ್ಲ; ಹೋಗುವ ಮುಂಚೆ ಮನೆಯಲ್ಲೇ ಫಾರಿನ್ ಮಾಡಿ ನೋಡಬೇಕು ಎಂದು ಅವರ ಹಠ.

ಮಂಡಳಿ ತಾಲೀಮಿಗೆ ಸೇರಿತು. ರಾಯರು ಇಳಿಸುವ ಡಬ್ಬಿಯನ್ನು ಗೋಡೆಗೆ ಚುಚ್ಚಿ, "ಈಗ ಇದು ಫಾರಿನ್" ಎಂದು ಘೋಷಿಸಿ, ಪೆಟ್ಟಿಗೆಯನ್ನು ಅದಕ್ಕೆ ಸಿಕ್ಕಿಸಿದರು. ಪೆಟ್ಟಿಗೆ ನರಳಿತು. ಎಲ್ಲೋ ಬಾವಿಯೊಳಗಿಂದ ಬಂದಂಥ ಒಂದು ದನಿ, ಅದೂ ನಡುಗುತ್ತ.

"ಮೌಶಿ, ಇದಕ್ಕ ನೆಗಡಿ ಆಗ್ಯದ" ಎಂದಳು ತಬಲಾದ ಶುಭಾ.

"ಸತ್ಯಾ, ನಿಮ್ಮನಿಯವ್ರಿಗೆ ಹೇಳು" ಎಂದರು ಅಂಬುಬಾಯಿ, ಎದುರಿಗಿದ್ದ ಅಳಿಯನ ತಲೆಯ ಮೇಲಿನ ಗಡಿಯಾರ ನೋಡುತ್ತ. "ಫಾರಿನ್ನಿನ ಸುರ ಇಷ್ಟು ಕೆಳಗಿದ್ರ ನಾ ಕಾರ್ ನಿಲ್ಲಿಸೂ ಜಾಗಾದಾಗ ಕೂತು ಹಾಡ್ಬೇಕಾಗ್ತದ."

ರಾಯರು ಇದಕ್ಕೇ ಕಾದಿದ್ದರು. ಏರಿಸುವ ಡಬ್ಬಿಯನ್ನು ನಡುವೆ ಸೇರಿಸಿ ಸ್ವಿಚ್ ಒತ್ತಿದರು. ಕಪ್ಪು ನಾಲ್ಕು ತುಂಬಿಕೊಂಡು ಬಂತು. ಮಣಿಕೊಂಡದ ಕರೆಂಟು ಒಂದು ಡಬ್ಬಿಯಲ್ಲಿ ಅಮೆರಿಕಕ್ಕೆ ಹೋಗಿ, ಇನ್ನೊಂದು ಡಬ್ಬಿಯಲ್ಲಿ ವಾಪಸು ಬಂದು, ಮನುಷ್ಯರಿಗಾಗುವ ಯಾವ ಆಯಾಸವೂ ಇಲ್ಲದೆ ಅಂಬುಬಾಯಿಯವರ ಪೆಟ್ಟಿಗೆಯಲ್ಲಿ ನುಡಿಯುತ್ತಿತ್ತು. ಅಂಬುಬಾಯಿ ಕಣ್ಣು ಮುಚ್ಚಿ ಹಾಡಿದರು. ರಾಯರು ಕೈಕಟ್ಟಿ ನಿಂತರು. ಅವರ ಜೀವನದ ಅತ್ಯುತ್ತಮ ಸಂಜೆ ಅದು, ಮತ್ತು ಅದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಹಾಡು ಕೇಳಲು ಬಂದಿದ್ದ ಎದುರು ಮನೆಯ ಮಲ್ಲಿಕಾರ್ಜುನ ಡಬ್ಬಿಯ ಹತ್ತಿರ ಕೂತು ಬಗ್ಗಿ ನೋಡಿದ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ದಿನವಿಡೀ ನಿಂತು ನಿಂತು ಕಾಲು ಬಾತುಹೋದವನು.

"ರಾಯರ, ಇದು ಖರೇನ ಅಮೆರಿಕಾ ಕರೆಂಟೇನ್ರಿ?"

"ಮತ್ತೇನು?"

"ಹಂಗಾರ ಒಂದ್ನಿಮಿಷ ತಡೀರಿ."

ಹೋದವನು ಅಟ್ಟದಿಂದ ಒಂದು ಕಾಲು ಒತ್ತುವ ಯಂತ್ರ ಇಳಿಸಿಕೊಂಡು ಬಂದ. ಅವನ ಷಡ್ಡಕ ಅಮೆರಿಕದಿಂದ ತಂದದ್ದು, ಇನ್ನೂ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಇಳಿಸುವ ಡಬ್ಬಿಗೆ ಚುಚ್ಚಿದ. ಯಂತ್ರ ಗುರುಗುಟ್ಟಿತು. ಮಲ್ಲಿಕಾರ್ಜುನ ಎರಡೂ ಕಾಲು ಅದರೊಳಗಿಟ್ಟು ಕೂತವನು ಮಂಗಳಾರತಿಯಾದರೂ ಏಳಲಿಲ್ಲ.

"ಹೆಂಗೈತಿ?" ಎಂದು ಅವನ ಹೆಂಡತಿ ಬಾಗಿಲಿನಿಂದ ಕೇಳಿದಳು.

"ಸುಮ್ನಿರು. ಅಮೆರಿಕಾದಾಗ ಅದೀನಿ."

ಸುದ್ದಿಯನ್ನು ಇಡೀ ಅಪಾರ್ಟ್‌ಮೆಂಟಿಗೆ ಹಂಚಿದ್ದು ವಾಚ್‌ಮನ್ ಮಲ್ಲಣ್ಣ. "ಅಮೆರಿಕಾ ಕರೆಂಟ್ ಬೇಕಾದೋರು ಮೂರನೇ ಮಾಳಿಗಿಗೆ ಹೋಗ್ರಿ. ರಾಯರು ಲೈನ್ ಎಳಸ್ಯಾರ" ಎಂದು ಲಿಫ್ಟಿನ ಬಾಗಿಲಲ್ಲಿ ನಿಂತು ತಾನೇ ಎಳೆಸಿದಷ್ಟು ಹೆಮ್ಮೆಯಿಂದ ಹೇಳುತ್ತಿದ್ದ. ಮರುದಿನದಿಂದ ಅಟ್ಟಗಳು ಖಾಲಿಯಾಗತೊಡಗಿದವು. ಕೂದಲು ನೆಟ್ಟಗೆ ಮಾಡುವ ಇಕ್ಕಳ ಬಂತು. ಬ್ರೆಡ್ಡು ಬೇಯಿಸುವ ಹಂಡೆ ಬಂತು. ಬಿಸಿಯಾಗುವ ಕಂಬಳಿ ಬಂತು. ಹೈದರಾಬಾದಿನ ಮೇ ತಿಂಗಳಲ್ಲಿ ಅದನ್ನು ಹೊದ್ದು ಕೂತು ನೋಡಿ, ಬೆವರು ಒರೆಸಿಕೊಳ್ಳುತ್ತ, "ಫಸ್ಟ್ ಕ್ಲಾಸ್ ಅದ" ಎಂದು ಒಪ್ಪಿದರು. ತಂತಾನೇ ಕೊಯ್ಯುವ ಒಂದು ಉದ್ದನೆಯ ಚಾಕು ಬಂತು. ಅದು ಏನು ಕೊಯ್ಯಲು ಎಂದು ತಂದವರಿಗೂ ಗೊತ್ತಿರಲಿಲ್ಲ. ಸತ್ಯಭಾಮೆಯ ಬೂದುಗುಂಬಳಕಾಯಿಯ ಮೇಲೆ ಪ್ರಯೋಗ ನಡೆಯಿತು. ಮನೆಯಲ್ಲಿ ಮಕ್ಕಳನ್ನು ಓದಲು ಕೂರಿಸಿ, ಒಲೆಯ ಮೇಲೆ ಹಾಲಿಟ್ಟು, ಬಾಗಿಲಲ್ಲಿ ಒಬ್ಬರನ್ನು ಮಾತಾಡಿಸುವುದೇ ಎಷ್ಟು ಕಷ್ಟ ಎಂದು ಹೆತ್ತವರಿಗೆ ಗೊತ್ತು. ಸತ್ಯಭಾಮೆಯ ಬಾಗಿಲಲ್ಲಿ ಸರದಿ ನಿಂತಿತ್ತು.

ಸರದಿಯ ಗದ್ದಲದಲ್ಲಿ ತಾಲೀಮು ಮಾತ್ರ ನಡೆಯಲಿಲ್ಲ. ಇಕ್ಕಳ ಚುಚ್ಚಿದಾಗಲೆಲ್ಲ ಪೆಟ್ಟಿಗೆಯ ಸುರ ಕುಸಿಯುತ್ತಿತ್ತು.

"ಸತ್ಯಾ, ನಿಮ್ಮನಿಯವ್ರಿಗೆ ಹೇಳು. ಯಾರದೋ ಕೂದಲಾ ನೆಟ್ಟಗಾದ್ರ ನನ್ನ ಸುರ ಸೊಟ್ಟಗಾಗ್ಲಿಕತ್ತದ."

ಆಮೇಲೆ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಯಾದಗಿರಿರೆಡ್ಡಿ ಬಂದರು. ಗಂಭೀರ ಮನುಷ್ಯ. ಲಿಫ್ಟಿನಲ್ಲಿ ನಾಯಿ ತರಬಾರದೆಂದು ಮೂರು ಭಾಷೆಗಳಲ್ಲಿ ಬರೆಸಿದವರು.

"ಗೋಪಿನಾಥ್‌ಗಾರೂ, ಇದಿ ಕರೆಕ್ಟ್ ಕಾದು", ಇದು ಸರಿಯಲ್ಲ, ಎಂದು ತೆಲುಗಿನಲ್ಲಿ ಶುರು ಮಾಡಿ, ವಿಷಯದ ಘನತೆಗಾಗಿ ಹಿಂದಿಗೆ ಹೊರಳಿದರು. ಬೇರೆ ದೇಶದ ಕರೆಂಟನ್ನು ಕಮಿಟಿಯ ಅನುಮತಿ ಇಲ್ಲದೆ ಕಟ್ಟಡದೊಳಗೆ ತರುವುದು ತಪ್ಪು, ನಾಳೆ ಇನ್ನೊಬ್ಬರು ಚೀನಾದ್ದು ತಂದರೆ ಏನು ಮಾಡುವುದು ಎಂಬುದು ಅವರ ಪ್ರಶ್ನೆ. ರಾಯರು ಡಬ್ಬಿ ತೋರಿಸಿ ವಿವರಿಸಿದರು. ರೆಡ್ಡಿಯವರು ಬಗ್ಗಿ ನೋಡಿ, ಮೀಟರಿನಲ್ಲಿ ಅಮೆರಿಕದ ಯೂನಿಟ್ಟು ಬೇರೆ ಬೀಳುತ್ತದೆಯೇ ಎಂದು ಕೇಳಿದರು. ಇಲ್ಲ, ಇಲ್ಲಿಯದೇ ಬೀಳುತ್ತದೆ ಎಂದರು ರಾಯರು. ರೆಡ್ಡಿಯವರು ಸಮಾಧಾನವಾಗದೆ ವಿದ್ಯುತ್ ಕಚೇರಿಗೆ ದೂರು ಕೊಟ್ಟರು.

ಲೈನ್ ಇನ್ಸ್‌ಪೆಕ್ಟರು ಬಂದರು. ಬಾಗಿಲು ತೆರೆದ ರಾಯರ ಮುಖ ನೋಡಿದ್ದೇ ಟೋಪಿ ತೆಗೆದರು. "ಸಾರ್, ಮೀರಾ?" ಎಂದರು, ನೀವೇನಾ ಎಂಬ ತೆಲುಗು ಬೆರಗಿನಿಂದ. ಅವರ ತಂದೆಯ ಪಿಂಚಣಿ ರಾಯರ ಮೇಜಿನ ಮೇಲೆಯೇ ಮಂಜೂರಾಗಿತ್ತು. ತನಿಖೆ ಹಾಗೆ ಕೈಮುಗಿಯುವುದರಲ್ಲಿ ಮುಗಿಯಿತು. ಹೋಗುವಾಗ ಇನ್ಸ್‌ಪೆಕ್ಟರು ತಗ್ಗಿದ ದನಿಯಲ್ಲಿ, ತಮ್ಮ ಮನೆಯಲ್ಲೂ ಒಂದು ಅಮೆರಿಕದ ಇಸ್ತ್ರಿಪೆಟ್ಟಿಗೆ ಇದೆ, ಭಾನುವಾರ ತರಬಹುದೇ ಎಂದು ವಿಚಾರಿಸಿದರು. ಭಾನುವಾರ ಅವರು ಬಂದಾಗ ಅವರ ಮುಂದೆ ಸರದಿಯಲ್ಲಿ ಶಾಲಿನ ಕೆಳಗೆ ಏನನ್ನೋ ಮುಚ್ಚಿಕೊಂಡು ಯಾದಗಿರಿರೆಡ್ಡಿ ನಿಂತಿದ್ದರು.

ಸರ್ಕಾರವೇ ಬಂದು ಒಪ್ಪಿಹೋದ ಮೇಲೆ ರಾಯರ ಮಾತಿಗೆ ಎದುರಿಲ್ಲದಂತಾಯಿತು. ಫಾರಿನ್ ಎಂದರೆ ನೂರಾಹತ್ತು ಎಂಬುದನ್ನು ಈಗ ಇಡೀ ಅಪಾರ್ಟ್‌ಮೆಂಟು ಕಾಲಿನಿಂದ, ಕೂದಲಿನಿಂದ, ಕುಂಬಳಕಾಯಿಯಿಂದ ಅನುಭವಿಸಿ ತಿಳಿದಿತ್ತು.

ಹೊರಡುವ ದಿನ ಪೆಟ್ಟಿಗೆ ಅಂಬುಬಾಯಿಯವರ ತೊಡೆಯ ಮೇಲೆ. ಏರಿಸುವ ಡಬ್ಬಿ ರಾಯರ ಸೂಟ್‌ಕೇಸಿನಲ್ಲಿ. ಅದನ್ನಿಟ್ಟ ಮೇಲೆ ಬೇರೇನೂ ಇಡುವಷ್ಟು ತೂಕ ಉಳಿಯದೆ ರಾಯರು ತಮ್ಮ ಬಟ್ಟೆಗಳನ್ನೆಲ್ಲ ತೆಗೆದಿಟ್ಟು, ಒಂದು ಪಂಚೆ ಮಾತ್ರ ಡಬ್ಬಿಗೆ ಸುತ್ತಿದ್ದರು. ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಸಾಮಾನು ನೋಡುವ ಅಧಿಕಾರಿ ಸೂಟ್‌ಕೇಸ್ ತೆಗೆಸಿದ.

"ಯೇ ಕ್ಯಾ ಹೈ?"

"ಟ್ರಾನ್ಸ್‌ಫಾರ್ಮರ್."

"ಖಂಬೇ ಪೆ ರಹತಾ ಸೋ?" ಕಂಬದ ಮೇಲಿರುತ್ತದಲ್ಲ, ಅದೇ?

"ಉಸ್ಕಾ ಬಚ್ಚಾ" ಎಂದರು ರಾಯರು. ಅದರ ಮರಿ.

ಅಧಿಕಾರಿ ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬನನ್ನು. ಮೂವರಿಗೂ ರಾಯರು ಫಾರಿನ್ ಕರೆಂಟಿನ ಪಾಠ ಹೇಳಿದರು. ಮೂವರೂ ತಲೆದೂಗಿದ ರೀತಿ ನೋಡಿದರೆ ಅವರ ಮನೆಗಳಲ್ಲೂ ಅಟ್ಟಗಳಿದ್ದಂತೆ ಕಂಡಿತು.

ಮಸ್ಕತ್ತಿನಲ್ಲಿ ಹರ್ಷದಾಳ ಮನೆಯಲ್ಲಿ ಊಟ. ಹೊರಗೆ ಕಾದ ಹಂಚಿನಂಥ ಬಿಸಿಲು, ಒಳಗೆ ಎ.ಸಿ. ಹಿಮದಂತೆ ಬೀಸುತ್ತಿತ್ತು. ರಾಯರು ಅದರ ಕೆಳಗೆ ನಿಂತು ಕೈಯೊಡ್ಡಿ ನೋಡಿದರು. "ಅರ್ಧಾ ಕರೆಂಟಿನಾಗ ಇಷ್ಟು ತಂಪು. ಮಂದಿ ಹೆಂಗ ಹೊಂದಿಸಿಕೊಂಡು ಹೋಗ್ತಾರ ನೋಡು" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದರು. ಹರ್ಷದಾ ಬಡಿಸಲು ಬಂದಾಗ ಅವಳ ಕಡೆ ಕರುಣೆಯಿಂದ ನೋಡಿ, ಎರಡನೇ ಸಲ ಅನ್ನ ಬೇಡವೆಂದರು.

ಸಂಜೆ ಸಭಾಂಗಣ ತುಂಬಿತು. ಸೊಹಾರ್‌ನಿಂದ ಎರಡು ತಾಸು ಕಾರು ಓಡಿಸಿಕೊಂಡು ಬಂದವರಿದ್ದರು. ವೇದಿಕೆಯ ಮೇಲೆ ಜಮಖಾನೆ ಹಾಸಿತ್ತು, ತಾಳ ಹಿಡಿದ ಸತ್ಯಭಾಮೆಯೊಂದಿಗೆ ಮಂಡಳಿ ಕೂತಿತ್ತು, ಅಂಬುಬಾಯಿ ಪೆಟ್ಟಿಗೆಗೆ ಕೈಮುಗಿದು ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿ ಒಂದು ಮೇಜು. ಅದರ ಮೇಲೆ ರೇಷ್ಮೆ ಶಾಲು ಹೊದ್ದ ಏರಿಸುವ ಡಬ್ಬಿ, ಸಭಾಂಗಣದವರು ಕೊಟ್ಟ ಪಿನ್ನಿನಿಂದ ಗೋಡೆಗೆ ಸೇರಿಸಿದ್ದು. ಹರ್ಷದಾ ಮೈಕಿನಲ್ಲಿ ಎಲ್ಲರನ್ನೂ ಪರಿಚಯಿಸಿ, "ವಿದ್ಯುತ್ ವ್ಯವಸ್ಥೆ, ಶ್ರೀ ಗೋಪಿನಾಥರಾಯರು" ಎಂದಳು. ಅಷ್ಟಕ್ಕೇ ಕೂತಿದ್ದರೆ ಆಗುತ್ತಿತ್ತು. ರಾಯರು ಎದ್ದು ಮೈಕಿನ ಮುಂದೆ ಬಂದರು.

"ಸಭಾಸದರು ತಪ್ಪು ತಿಳೀಬಾರದು. ನಿಮ್ಮ ಕರೆಂಟು ಸಣ್ಣದದ. ಅದರಾಗ ನಿಮ್ಮದೇನೂ ತಪ್ಪಿಲ್ಲ. ಇದ್ದದ್ದರಾಗ ನೀವು ನಮ್ಮನ್ನ ಕರಸೀರಿ, ಅದs ದೊಡ್ಡದು. ಉಳಿದದ್ದು ನಾವು ಏರಿಸಿಕೋತೀವಿ."

ಜನ ಮುಖ ಮುಖ ನೋಡಿಕೊಂಡರು. ದಾಸರ ಪದದಲ್ಲೇ ಏನೋ ಗೂಢಾರ್ಥ ಇರಬಹುದೆಂದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ರಾಯರು ಶಾಲು ಸರಿಸಿ ಸ್ವಿಚ್ ಒತ್ತಿದರು.

ಪೆಟ್ಟಿಗೆ ಕಪ್ಪು ನಾಲ್ಕರಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಅಲ್ಲಿಂದ ಐದು, ಐದರಿಂದ ಯಾವ ಹಾರ್ಮೋನಿಯಂನಲ್ಲೂ ಇಲ್ಲದ ಮನೆಗಳನ್ನು ಹತ್ತುತ್ತ ಹತ್ತುತ್ತ, ಕೊನೆಗೆ ಕುಕ್ಕರಿನ ಸೀಟಿಯಂಥ ಒಂದು ತಾರಸ್ಥಾಯಿಯನ್ನು ಮುಟ್ಟಿ, ಢಬ್ಬೆಂದಿತು. ಹೊಗೆ ಬಂತು. ಸಭಾಂಗಣದ ದೀಪಗಳೆಲ್ಲ ಆರಿದವು.

"ಇಲ್ಲಿ ಕರೆಂಟ್ ಹೋಗೂದೇ ಇಲ್ಲರಿ" ಎಂದು ಕತ್ತಲಲ್ಲಿ ಹರ್ಷದಾ ಹೇಳುತ್ತಿದ್ದಳು. "ಇಲ್ಲಿ ಹೋಗೂದೇ ಇಲ್ಲ."

ದೀಪ ಮತ್ತೆ ಬಂದಾಗ ಪೆಟ್ಟಿಗೆಯ ಮರದ ಮೈಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು, ಊದುಕಡ್ಡಿ ಹಚ್ಚಿದಂತೆ. ಅಂಬುಬಾಯಿ ಕೈಮುಗಿದದ್ದು ಹಾಗೆಯೇ ಇತ್ತು.

"ಕಾಕಾ, ಇದೇನು ಹಚ್ಚಿದ್ರಿ?"

"ನೂರಾಹತ್ತನ್ನ ಏರಿಸೂದು."

"ಇಲ್ಲಿ ಇನ್ನೂರಾ ನಲವತ್ತರಿ. ನಮ್ಮ ಊರಿನಂಗೇ. ನಾಂಪಲ್ಲಿ ಎಕ್ಸಿಬಿಷನ್ನಿನಾಗ ನಮ್ಮವ್ವ ಕೊಡಿಸಿದ ಮಿಕ್ಸಿ ನಾ ಇಲ್ಲಿ ಹಂಗs ನಡಸ್ತೀನಿ. ಗ್ವಾಡಿಗೆ ಸೇರೂ ಪಿನ್ನು ಒಂದು ಬ್ಯಾರೆ, ಅಷ್ಟs."

ಇನ್ನೂರ ನಲವತ್ತನ್ನು ಎರಡು ಪಟ್ಟು ಏರಿಸಿದರೆ ಎಷ್ಟು ಎಂದು ಲೆಕ್ಕ ಹಾಕುವ ಧೈರ್ಯ ವೇದಿಕೆಯ ಮೇಲೆ ಯಾರಿಗೂ ಇರಲಿಲ್ಲ. ರಾಯರ ಕನ್ನಡಕ ಮೂಗಿನ ತುದಿಗೆ ಜಾರಿ ಅಲ್ಲಿಯೇ ನಿಂತಿತ್ತು.

ಅಂಬುಬಾಯಿ ಪೆಟ್ಟಿಗೆಯನ್ನು ಮುಟ್ಟಿ ನೋಡಿದರು. ಬಿಸಿಯಾಗಿತ್ತು. ಸೆರಗು ಹೊದ್ದು, ತುಟಿ ಬಿಗಿದು ಕೂತರು. ಆ ಶ್ರಾವಣ ಬಂದು ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ಕೂತಂತಾಯಿತು.

ಸಭೆ ಸುಮ್ಮನಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ತಂಬೂರಿ ಹಚ್ಚಿಕೊಂಡು ವೇದಿಕೆಗೆ ಬಂದರು. ಮೊದಲನೆಯದು ಕಪ್ಪು ನಾಲ್ಕು ಹಿಡಿದು, ಅಂಬುಬಾಯಿ ಉಸಿರೆಳೆಯುವಷ್ಟರಲ್ಲಿ ನಿಂತು, ಮಂಡಿನೋವಿನ ಎಣ್ಣೆಯ ಜಾಹೀರಾತು ಹೇಳಿತು. ಎರಡನೆಯದಕ್ಕೆ ಕರೆ ಬಂತು. "ಎಲ್ಲಿ ಸತ್ತೀರಿ, ಹಾಲು ತರ್ತೀರೋ ಇಲ್ಲೋ" ಎಂಬ ಒಂದು ಹೆಣ್ಣುದನಿ ಮೈಕಿನ ಮೂಲಕ ಇಡೀ ಸಭೆಯನ್ನು ಕೇಳಿತು. ಮೂರನೆಯದರ ಬ್ಯಾಟರಿ ಮುಗಿಯಿತು. ಯಾರೋ ಹಾರ್ಮೋನಿಯಂ ತರಿಸೋಣವೇ ಎಂದರು.

"ಅದು ಉಸಿರು ಬಿಡ್ತದ, ನಿಲ್ಲೂದಿಲ್ಲ" ಎಂದರು ಅಂಬುಬಾಯಿ. ಹರ್ಷದಾಳ ಕಣ್ಣು ತುಂಬಿ ಬಂತು. ಸೊಹಾರ್‌ನವರು ಕಾರಿನ ಕೀಲಿ ಹುಡುಕತೊಡಗಿದರು.

"ಸತ್ಯಾ" ಎಂದರು ಅಂಬುಬಾಯಿ. ಮೈಕು ಅವರ ಮುಂದೆಯೇ ಇತ್ತು.

"ಏನವ್ವಾ?"

"ನಿಮ್ಮನಿಯವ್ರು ರಜಾ ಇದ್ದಾಗ ಊಟಾ ಮಾಡಿ ಮಲಗ್ತಾರಲ್ಲ?"

"ಹೂಂ."

"ಗೊರಕಿ ಹೊಡೀತಾರಲ್ಲ?"

ಸತ್ಯಭಾಮೆ ಮೈಕನ್ನು ಕೈಯಿಂದ ಮುಚ್ಚಲು ನೋಡಿದಳು. ತಡವಾಗಿತ್ತು. ಕೀಲಿ ಹುಡುಕುತ್ತಿದ್ದವರು ಕೂತರು.

"ಅದು ಕಪ್ಪು ನಾಲ್ಕು" ಎಂದರು ಅಂಬುಬಾಯಿ, ಜಾತಕ ಓದುವಷ್ಟು ಗಂಭೀರವಾಗಿ. "ಇಷ್ಟು ವರ್ಷ ಗ್ವಾಡಿ ಆಚೀಕಡಿಂದ ಕೇಳ್ಲಿಕತ್ತೀನಿ. ಒಂದು ಕೂದಲೆಳಿಯಷ್ಟು ಸರದಿಲ್ಲ. ನಿದ್ದಿಯೊಳಗ ಹಿಡಿಯೂದನ್ನ ಎಚ್ಚರಿದ್ದಾಗ ಹಿಡೀಲಿಕ್ಕೆ ಹೇಳು. ಬ್ಯಾರೆ ಏನೂ ಮಾಡಬಾರದಂತ ಹೇಳು."

ರಾಯರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆದರೂ ಸತ್ಯಭಾಮೆ ಹೇಳುವವರೆಗೆ ಕಾದರು. ಹೇಳಿದಳು. ಸುಟ್ಟ ಪೆಟ್ಟಿಗೆಯನ್ನು ಸರಿಸಿ, ಅದು ಇದ್ದ ಜಾಗದಲ್ಲೇ ರಾಯರನ್ನು ಕೂರಿಸಿದರು. ಮೊದಲ ಸಲ ಬಾಯಿ ತೆರೆದಾಗ ಬಂದದ್ದು ಕೆಮ್ಮು. ಎರಡನೆಯ ಸಲ ಬಂದದ್ದು ಯಾವ ಮನೆಗೂ ಸೇರದ ಒಂದು ದನಿ.

"ಕಣ್ಣು ಮುಚ್ಚಲಿಕ್ಕೆ ಹೇಳು. ಕುತ್ತಿಗಿ ಒಂದೀಟು ಹಿಂದ. ಹೊಟ್ಟಿ ತುಂಬಾ ಹೋಳಿಗಿ ಉಂಡೀನಿ ಅಂತ ತಿಳಕೊಳ್ಳಿಕ್ಕೆ ಹೇಳು."

ರಾಯರು ಕುತ್ತಿಗೆ ಹಿಂದೆ ಮಾಡಿ, ಹೋಳಿಗೆಯನ್ನು ನೆನೆದರು. ಮೂಗು ಮತ್ತು ಗಂಟಲಿನ ನಡುವೆ ಎಲ್ಲಿಂದಲೋ, ಅಗಲವಾಗಿ, ನಿಶ್ಚಿಂತೆಯಿಂದ ಒಂದು 'ಅಂ...' ಎದ್ದು ಬಂದು ನಿಂತಿತು. ಶುಭಾ ತಬಲಾದ ಮೇಲೆ ಬೆರಳಿನಿಂದ ತಟ್ಟಿ ನೋಡಿ, ಬೆರಗಾಗಿ ತಲೆಯಾಡಿಸಿದಳು. ಅಂಬುಬಾಯಿ ಹಾಡಲು ಶುರು ಮಾಡಿದರು.

ಎರಡು ತಾಸು ಹಾಡಿದರು. ರಾಯರ ಉಸಿರು ಮುಗಿಯುವಾಗ ಶುಭಾ ಮೊಣಕೈಯಿಂದ ತಿವಿಯುತ್ತಿದ್ದಳು. ಉಸಿರು ತುಂಬಿಕೊಂಡು ಮತ್ತೆ ಅದೇ ಮನೆಗೆ ಬಂದು ಸೇರುತ್ತಿದ್ದರು. ಅವರ ಮೂಗಿನ ಮೇಲೆ ಒಂದು ನೊಣ ಬಂದು ಕೂತು, ಅದುರುವಿಕೆ ತಾಳಲಾರದೆ ಹಾರಿಹೋಯಿತು. ಪದ ಪದದ ನಡುವೆ, "ಸತ್ಯಾ, ಇಳೀಲಿಕತ್ತಾರ", "ಸತ್ಯಾ, ಜೋರಾತು" ಎಂದು ಅಂಬುಬಾಯಿ ಹೇಳುವುದು, ಸತ್ಯಭಾಮೆ ತಾಳ ಬಿಟ್ಟು ಗಂಡನಿಗೆ ತಿಳಿಸುವುದು, ರಾಯರು ಕಣ್ಣು ಮುಚ್ಚಿಕೊಂಡೇ ಸರಿಪಡಿಸಿಕೊಳ್ಳುವುದು ನಡೆಯಿತು. ಹಿಂದಿನ ಸಾಲಿನವರೊಬ್ಬರು ಮುಗಿದ ಮೇಲೆ ಬಂದು, ಆ ಸ್ಪೀಕರ್ ಯಾವ ಕಂಪನಿಯದು, ಬಹಳ ಚೆನ್ನಾಗಿತ್ತು ಎಂದರು.

ಮರುದಿನ ಎರಡನೆಯ ಕಾರ್ಯಕ್ರಮ. ಹಿಂದಿನ ದಿನದ ಕತ್ತಲೆಯಿಂದ ಇನ್ನೂ ಚೇತರಿಸಿಕೊಳ್ಳದ ಸಭಾಂಗಣದ ಮ್ಯಾನೇಜರು ಕೈಯಲ್ಲಿ ಟೆಸ್ಟರ್ ಹಿಡಿದು ಮುಂಚೆಯೇ ಬಂದು ಕಾದಿದ್ದರು. ಮಂಗಳೂರು ಕಡೆಯವರು. ಅಂಬುಬಾಯಿಯವರ ಮುಂದೆ ಬಗ್ಗಿ, ಬಹಳ ವಿನಯದಿಂದ ಕೇಳಿದರು.

"ಅಮ್ಮಾ, ಈ ಸಲ ಮೊದಲೇ ಹೇಳಿಬಿಡಿ. ನಿಮ್ಮ ಶ್ರುತಿಗೆ ಎಷ್ಟು ವೋಲ್ಟು ಕೊಡಬೇಕು?"

ಅಂಬುಬಾಯಿ ವೇದಿಕೆಯ ಕಡೆ ನೋಡಿದರು. ಅಲ್ಲಿ ಗೋಪಿನಾಥರಾಯರು ಕೊರಳಿಗೆ ಯಾರದೋ ಮಫ್ಲರ್ ಸುತ್ತಿಕೊಂಡು, ತಮ್ಮ ಜಾಗದಲ್ಲಿ ಆಗಲೇ ಕೂತಿದ್ದರು.

"ಸತ್ಯಾ, ಇವರಿಗೆ ಹೇಳು. ಎರಡು ಕಪ್ ಚಹಾ. ಸಕ್ರಿ ಕಡಿಮಿ ಇರ್ಲಿ. ಜಾಸ್ತಿ ಆದ್ರ ಸುರ ಏರ್ತದ."